ತಾಯಿಯ ಸಕ್ಕರೆ ಕಾಯಿಲೆ, ಮಗುವಿನ ಇನ್ಸುಲಿನ್: ಅಧ್ಯಯನ ಟಿಪ್ಪಣಿ

ಈ ಪಾಠದಲ್ಲಿ ಬಾಯಿಪಾಠ ಮಾಡಬೇಕಾದದ್ದು ಒಂದೇ ಸಾಲು: ತಾಯಿಯ ಗ್ಲೂಕೋಸ್ ಮಾಸನ್ನು (ಪ್ಲಾಸೆಂಟಾ) ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಉಳಿದದ್ದರಲ್ಲಿ ಬಹುಪಾಲನ್ನು ಇದರಿಂದಲೇ ತರ್ಕಿಸಿ ಬರೆಯಬಹುದು. ತಾಯಿಗೆ ಸಕ್ಕರೆ ಏರಿದರೆ ಹೊಟ್ಟೆಯಲ್ಲಿರುವ ಮಗುವಿಗೂ ಏರುತ್ತದೆ. ಅದನ್ನು ಇಳಿಸಲು ಮಗುವಿನ ಮೇದೋಜೀರಕ ಗ್ರಂಥಿಯೇ ಹೆಚ್ಚು ಇನ್ಸುಲಿನ್ ಸುರಿಸಬೇಕು. ಡೆನ್ಮಾರ್ಕಿನ ವೈದ್ಯ ಯೋರ್ಗೆನ್ ಪೆಡರ್ಸನ್ 1950ರ ದಶಕದಲ್ಲಿ ಮುಂದಿಟ್ಟ ವಿವರಣೆ ಇದು.

ಕೇಸ್ ಬಂದಾಗ ಮೊದಲು ಕೇಳಬೇಕಾದದ್ದು: ಕಾಯಿಲೆ ಗರ್ಭ ನಿಲ್ಲುವ ಮುಂಚೆಯೇ ಇತ್ತೇ, ಆಮೇಲೆ ಬಂತೇ? ಅಂಗಾಂಗಗಳು ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ, ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂದು ಖಾತ್ರಿಯಾಗುವ ಮುನ್ನವೇ. ಆಗ ಸಕ್ಕರೆ ಹತೋಟಿ ತಪ್ಪಿದ್ದರೆ ಹೃದಯ, ಮಿದುಳು, ಬೆನ್ನುಹುರಿಯ ಜನ್ಮದೋಷಗಳ ಅಪಾಯ ಹೆಚ್ಚುತ್ತದೆ. ಗರ್ಭಾವಸ್ಥೆಯ ಮಧುಮೇಹ ಸಾಮಾನ್ಯವಾಗಿ ತಲೆದೋರುವುದು ಐದಾರು ತಿಂಗಳಿಗೆ. ಅಷ್ಟರಲ್ಲಿ ಅಂಗಗಳು ರೂಪುಗೊಂಡಿರುತ್ತವೆ, ಪೆಟ್ಟು ಬೀಳುವುದು ಬೆಳವಣಿಗೆಯ ಮೇಲೆ. ಹಾಗಾಗಿ ಮೊದಲೇ ಕಾಯಿಲೆ ಇರುವವರು ಎಚ್‌ಬಿಎ1ಸಿಯನ್ನು (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇ 6.5ಕ್ಕಿಂತ ಕೆಳಗಿಳಿಸಿಕೊಂಡು ಗರ್ಭ ಧರಿಸುವುದು ಕ್ಷೇಮ.

ಭ್ರೂಣಕ್ಕೆ ಇನ್ಸುಲಿನ್ ಬೆಳವಣಿಗೆಯ ಹಾರ್ಮೋನೂ ಹೌದು. ಕೊಬ್ಬು ತುಂಬುತ್ತದೆ, ಯಕೃತ್ತು ಮತ್ತು ಹೃದಯ ಹಿಗ್ಗುತ್ತವೆ. ತಲೆ ಮಾತ್ರ ಆ ಲೆಕ್ಕದಲ್ಲಿ ಬೆಳೆಯುವುದಿಲ್ಲ. ಹೆರಿಗೆಯಲ್ಲಿ ತಲೆ ಹೊರಬಂದು ಭುಜ ಸಿಕ್ಕಿಕೊಳ್ಳುವುದು ಇದರಿಂದಲೇ. ಕೊರಳೆಲುಬು ಮುರಿಯಬಹುದು, ತೋಳಿನ ನರಗಳು ಜಗ್ಗಿ ಕೈ ಬಲ ಕಳೆದುಕೊಳ್ಳಬಹುದು. ನಾಲ್ಕು ಕಿಲೋ ದಾಟಿದ ಮಗುವನ್ನು ಕಂಡು ಮನೆಯವರು ‘ಮುದ್ದಾಗಿ ಗುಂಡಗಿದೆ’ ಎಂದು ಹಿಗ್ಗುತ್ತಾರೆ. ನಾವು ಮಾತ್ರ ತೂಕವನ್ನೇ ಆರೋಗ್ಯವೆಂದು ಓದಬಾರದು. ಇದಕ್ಕೆ ತಿರುವುಮುರುವಾದ ಸಂಗತಿಯೂ ಉಂಟು: ಹಳೆಯ ಮಧುಮೇಹದಿಂದ ತಾಯಿಯ ರಕ್ತನಾಳಗಳು ಕೆಟ್ಟಿದ್ದರೆ ಮಾಸಿಗೆ ರಕ್ತ ಸಾಲದೆ ಮಗು ಸಣಕಲಾಗಿಯೇ ಹುಟ್ಟಬಹುದು.

ಇನ್ನು ಹೆರಿಗೆ ಕೋಣೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣಕ್ಕೆ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಂತಿತು. ಮಗುವಿನ ಇನ್ಸುಲಿನ್ ನಿಲ್ಲಲಿಲ್ಲ. ಮೊದಲ ಒಂದೆರಡು ಗಂಟೆಗಳಲ್ಲೇ ಸಕ್ಕರೆ ಕುಸಿಯುತ್ತದೆ. ನಡುಕ, ಸಪ್ಪೆ ಅಳು, ಮೊಲೆ ಚೀಪದಿರುವುದು, ಮಂಕು, ಉಸಿರು ನಿಂತು ನಿಂತು ಬರುವುದು, ಕೊನೆಗೆ ಫಿಟ್ಸ್. ನಡುಗುವ ಕೈಯನ್ನು ಮೆಲ್ಲಗೆ ಮಡಚಿ ಹಿಡಿದು ನೋಡಿ: ಬರೀ ನಡುಕವಾದರೆ ನಿಲ್ಲುತ್ತದೆ, ಫಿಟ್ಸ್ ಆದರೆ ಹಿಡಿತದೊಳಗೂ ಮಿಡಿಯುತ್ತಲೇ ಇರುತ್ತದೆ. ಯಾವ ಲಕ್ಷಣವೂ ಇಲ್ಲದೆ ಸಕ್ಕರೆ ಇಳಿದಿರಬಹುದಾದ್ದರಿಂದ ಮಗು ಚೆನ್ನಾಗಿ ಕಂಡರೂ ಪರೀಕ್ಷೆ ಬಿಡುವಂತಿಲ್ಲ. ಒಂದು ಗಂಟೆಯೊಳಗೆ ತಾಯಿಯ ಹಾಲು, ನಂತರ ಹಿಮ್ಮಡಿ ಬೆಚ್ಚಗೆ ಮಾಡಿ ಅದರ ಪಕ್ಕದ ಅಂಚಿನಲ್ಲಿ ಚುಚ್ಚಿ ಗ್ಲೂಕೋಸ್ ನೋಡಬೇಕು. ಡೆಸಿಲೀಟರಿಗೆ ಸುಮಾರು 45 ಮಿಲಿಗ್ರಾಂಗಿಂತ ಕೆಳಗಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತಿಳಿಸಿ. ಅಜ್ಜಿಯರು ಜೇನುತುಪ್ಪವೋ ಸಕ್ಕರೆ ನೀರೋ ನೆಕ್ಕಿಸಲು ಬಂದರೆ ಗೌರವದಿಂದಲೇ ತಡೆಯಿರಿ.

ಉಳಿದವು ಬೇಗ ಬೇಗ. ಇನ್ಸುಲಿನ್ ಶ್ವಾಸಕೋಶದ ಸರ್ಫ್ಯಾಕ್ಟೆಂಟ್ (ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ತಡೆಯುವ ವಸ್ತು) ತಯಾರಿಯನ್ನು ನಿಧಾನಿಸುವುದರಿಂದ ತಿಂಗಳು ತುಂಬುತ್ತಾ ಬಂದ ಮಗುವೂ ಉಸಿರಿಗೆ ಒದ್ದಾಡಬಹುದು. ಹೊಟ್ಟೆಯಲ್ಲಿ ಆಮ್ಲಜನಕದ ಕೊರತೆಯಾಗಿ ಕೆಂಪು ರಕ್ತಕಣ ಹೆಚ್ಚುತ್ತದೆ, ಆ ಕಣಗಳು ಒಡೆದಾಗ ಕಾಮಾಲೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇಳಿಯುತ್ತವೆ. ಹೃದಯದ ನಡುಗೋಡೆ ದಪ್ಪಗಾಗಿದ್ದರೆ ಬಹುಪಾಲು ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ.

ಮುಂದಿನ ವರ್ಷಗಳ ಬಗ್ಗೆ ನಮ್ಮ ಮೈಸೂರಿನಲ್ಲೇ ಪುರಾವೆ ಇದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನದಲ್ಲಿ, ಗರ್ಭಾವಸ್ಥೆಯ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಿಗೆ ಐದನೇ ವಯಸ್ಸಿಗೇ ಚರ್ಮದಡಿಯ ಕೊಬ್ಬೂ ಇನ್ಸುಲಿನ್ ಮಟ್ಟವೂ ಹೆಚ್ಚಿದ್ದವು.

ಪತ್ತೆಹಚ್ಚುವುದು ಕಷ್ಟವಲ್ಲ. ಸರ್ಕಾರಿ ಮಾರ್ಗಸೂಚಿಯಂತೆ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದ ನಡುವೆ ಇನ್ನೊಮ್ಮೆ, ಊಟ ಮಾಡಿದ್ದರೂ ಸರಿಯೇ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ರಕ್ತ ನೋಡುತ್ತಾರೆ. ಡೆಸಿಲೀಟರಿಗೆ 140 ಮಿಲಿಗ್ರಾಂ ಮುಟ್ಟಿದರೆ ಗರ್ಭಾವಸ್ಥೆಯ ಮಧುಮೇಹ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಮಾಡಬೇಕಾದ ಪರೀಕ್ಷೆ ಬಾಣಂತನದ ಗಡಿಬಿಡಿಯಲ್ಲಿ ತಪ್ಪಿಹೋಗುತ್ತದೆ. ಮಗುವಿಗೆ ಆರನೇ ವಾರದ ಲಸಿಕೆ ಹಾಕಿಸಲು ಬಂದಾಗಲೇ ತಾಯಿಗೂ ಅದನ್ನು ಮುಗಿಸಿಬಿಡಿ.