'ಈ ಕಾಯಿಲೆ ಇದ್ದ ಮೇಲೆ ಬೇಜಾರು ಇರೋದೇ' ಎಂದು ಬಿಟ್ಟುಬಿಡಬೇಡಿ

ಎಚ್‌ಐವಿ ಇರುವ ಗಂಡಸರು ಮನೋವೈದ್ಯರ ಬಳಿ ಬಂದು 'ನನಗೆ ಖಿನ್ನತೆ ಇದೆ' ಎನ್ನುವುದು ತೀರಾ ಅಪರೂಪ. ನಿದ್ದೆ ಬರ್ತಿಲ್ಲ, ಸುಸ್ತು, ಮೈಕೈ ನೋವು ಎನ್ನುತ್ತಾರೆ. ಹೆಂಡತಿ ಜೊತೆಗೆ ಬಂದಿದ್ದರೆ ಉಳಿದದ್ದು ಹೊರಗೆ ಬರುತ್ತದೆ: 'ಸಣ್ಣಪುಟ್ಟದ್ದಕ್ಕೂ ರೇಗ್ತಾರೆ ಡಾಕ್ಟ್ರೇ. ಕುಡಿಯೋದೂ ಜಾಸ್ತಿಯಾಗಿದೆ.' ಅಳುತ್ತಿಲ್ಲ ಅಂದರೆ ಖಿನ್ನತೆ ಇಲ್ಲ ಅಂದುಕೊಳ್ತೀವಿ, ಅಲ್ವಾ? ಗಂಡಸರಲ್ಲಿ ಅದು ಎಷ್ಟೋ ಸಲ ಸಿಟ್ಟಿನಲ್ಲಿ, ಕುಡಿತದಲ್ಲಿ, ಮೈಮರೆತು ದುಡಿಯುವುದರಲ್ಲಿ ಕಾಣಿಸಿಕೊಳ್ಳುತ್ತದೆ.

ಒಬ್ಬರ ರಿಪೋರ್ಟ್ ವರ್ಷಗಳಿಂದ ಚೆನ್ನಾಗಿತ್ತು. ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆ. ಪ್ರತಿ ಸಲ ಎಲ್ಲರೂ 'ಭೇಷ್' ಎಂದು ಕಳಿಸುತ್ತಿದ್ದರು. 'ಹೋದ ಭಾನುವಾರ ಏನು ಮಾಡಿದಿರಿ?' ಎಂದು ಕೇಳಿದೆ. ತುಂಬಾ ಹೊತ್ತು ಯೋಚಿಸಿ, 'ಗೋಡೆ ಕಡೆ ತಿರುಗಿ ಮಲಗಿದ್ದೆ' ಎಂದರು. ಗೆಳೆಯರ ಫೋನ್ ತೆಗೆಯುವುದನ್ನು ಬಿಟ್ಟು ತಿಂಗಳುಗಳಾಗಿದ್ದವು. ಇದ್ಯಾವುದೂ ರಕ್ತಪರೀಕ್ಷೆಯಲ್ಲಿ ಕಾಣುವುದಿಲ್ಲ.

ಎಚ್‌ಐವಿ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಸುಮಾರು 2ರಿಂದ 3 ಪಟ್ಟು ಜಾಸ್ತಿ. ಹಾಗಿದ್ದರೂ ಮನೆಯವರು, ಕೆಲವೊಮ್ಮೆ ವೈದ್ಯರೂ, 'ಈ ಕಾಯಿಲೆ ಇದ್ದ ಮೇಲೆ ಬೇಜಾರು ಇರೋದೇ' ಎಂದು ಸುಮ್ಮನಾಗುತ್ತಾರೆ. ಈ ಮಾತು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಬೇಜಾರು ಬೇರೆ, ಖಿನ್ನತೆ ಬೇರೆ. ಖಿನ್ನತೆ ತನ್ನದೇ ಆದ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಖಿನ್ನತೆಯನ್ನು ಹಾಗೇ ಬಿಟ್ಟರೆ ಎಚ್‌ಐವಿ ಮಾತ್ರೆ ತಪ್ಪುತ್ತದೆ, ವೈರಸ್ ಮತ್ತೆ ಏರುತ್ತದೆ.

ಕಾರಣ ಒಂದೇ ಅಲ್ಲ. ಗುಟ್ಟು ಕಾಯುವುದೇ ದೊಡ್ಡ ಭಾರ. ಮಾತ್ರೆ ಡಬ್ಬಿಯ ಲೇಬಲ್ ಕಿತ್ತು ಹಾಕುವವರಿದ್ದಾರೆ. ಬೇರೆಯವರ ಮನೆಯಲ್ಲಿ ಉಳಿಯಬೇಕಾದಾಗ ಆ ರಾತ್ರಿಯ ಮಾತ್ರೆಯನ್ನೇ ಬಿಡುವವರಿದ್ದಾರೆ. ಸಂಗಾತಿಗೆ ಹರಡಿಬಿಡುತ್ತೇನೆ ಎಂಬ ಹೆದರಿಕೆಯಿಂದ ಹತ್ತಿರವೇ ಹೋಗದೆ ದೂರ ಮಲಗುವವರೂ ಇದ್ದಾರೆ. ಮಾತ್ರೆ ತಪ್ಪದೆ ತೆಗೆದುಕೊಂಡು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಯಾಗದ ಮಟ್ಟದಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಹರಡುವುದಿಲ್ಲ. ಇದನ್ನು ಇಬ್ಬರನ್ನೂ ಕೂರಿಸಿ ಹೇಳಿದಾಗ ಮುಖ ಹಗುರಾಗುವುದನ್ನು ನಾನು ನೋಡಿದ್ದೇನೆ.

ದೇಹದ ಕಡೆಯಿಂದಲೂ ಕಾರಣಗಳಿರುತ್ತವೆ. ಎಚ್‌ಐವಿಗೆ ಕೊಡುವ ಎಫಾವಿರೆಂಜ್ ಮಾತ್ರೆ ಕೆಲವರಲ್ಲಿ ಕೆಟ್ಟ ಕನಸು, ನಿದ್ರಾಹೀನತೆ, ಖಿನ್ನತೆ ತರುತ್ತದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡೊಲುಟೆಗ್ರಾವಿರ್ ಎಂಬ ಇನ್ನೊಂದು ಎಚ್‌ಐವಿ ಔಷಧಿ ಇರುವ ಚಿಕಿತ್ಸೆಯೇ ಮೊದಲ ಆಯ್ಕೆ ಎಂದು ಹೇಳಿದ ಮೇಲೆ ಎಫಾವಿರೆಂಜ್ ಬಳಕೆ ಕಡಿಮೆಯಾಗಿದೆ. ಡೊಲುಟೆಗ್ರಾವಿರ್ ಕೂಡ ಕೆಲವರ ನಿದ್ದೆ ಕೆಡಿಸುತ್ತದೆ. ಅಂಥವರಿಗೆ ಅದನ್ನು ಬೆಳಿಗ್ಗೆ ತೆಗೆದುಕೊಳ್ಳಲು ಹೇಳುತ್ತೇವೆ. ಟೆಸ್ಟೋಸ್ಟಿರಾನ್ ಎಂಬ ಗಂಡಸರ ಹಾರ್ಮೋನ್ ಕಡಿಮೆಯಾದರೂ ಸುಸ್ತು, ನಿರಾಸಕ್ತಿ ಬರುತ್ತದೆ. ಎಚ್‌ಐವಿ ಇರುವ ಗಂಡಸರಲ್ಲಿ ಇದು ಅಪರೂಪವಲ್ಲ. ಬೆಳಗಿನ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ರಕ್ತಹೀನತೆ, ಥೈರಾಯ್ಡ್ ಕೂಡ ನೋಡಿಬಿಡಬೇಕು.

ಪತ್ತೆ ಹಚ್ಚುವುದು ಕಷ್ಟವಲ್ಲ. ಪಿಎಚ್‌ಕ್ಯೂ-9 ಎಂಬ 9 ಪ್ರಶ್ನೆಗಳ ಪಟ್ಟಿ ಇದೆ. ಕಳೆದ 2 ವಾರ ಹೇಗಿದ್ದಿರಿ ಎಂದು ಕೇಳುತ್ತದೆ. ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕೂತು ವಿವರವಾಗಿ ಮಾತಾಡಬೇಕು. ಸಾಯುವ ಯೋಚನೆಯ ಬಗ್ಗೆ ಕೊನೆಯ ಪ್ರಶ್ನೆ ಕೇಳುತ್ತದೆ. ಅದಕ್ಕೆ ಹೌದು ಎಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಮಾತಾಡಬೇಕು. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಭಯ ಬೇಡ. ಕೇಳಿದ್ದಕ್ಕೆ ಸಮಾಧಾನ ಪಡುವವರೇ ಜಾಸ್ತಿ.

ಮಾತಿನ ಚಿಕಿತ್ಸೆ ಕೆಲಸ ಮಾಡುತ್ತದೆ. ಸರ್ಟ್ರಾಲಿನ್, ಎಸ್ಸಿಟಲೋಪ್ರಾಮ್‌ನಂಥ ಖಿನ್ನತೆಯ ಮಾತ್ರೆಗಳನ್ನು ಎಚ್‌ಐವಿ ಚಿಕಿತ್ಸೆಯ ಜೊತೆಗೆ ಸಾಮಾನ್ಯವಾಗಿ ಕೊಡಬಹುದು. ಆದರೆ ಏನೇನು ತೆಗೆದುಕೊಳ್ಳುತ್ತಿದ್ದೀರಿ ಎಂದು ವೈದ್ಯರಿಗೆ ಪೂರ್ತಿ ಹೇಳಿ. ಮನಸ್ಸಿಗೆ ಒಳ್ಳೆಯದು ಎಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಹಲವು ಎಚ್‌ಐವಿ ಔಷಧಿಗಳ ಶಕ್ತಿಯನ್ನೇ ಕುಗ್ಗಿಸುತ್ತದೆ. ಅದು ಬೇಡವೇ ಬೇಡ. ಖಿನ್ನತೆಯ ಮಾತ್ರೆ ಹಿಡಿಯಲು 2ರಿಂದ 4 ವಾರ ಬೇಕು. ಮೊದಲ ವಾರದಲ್ಲೇ 'ಏನೂ ಆಗ್ತಿಲ್ಲ' ಎಂದು ಬಿಡುವವರು ಬಹಳ. ಕೆಲವರಿಗೆ ಲೈಂಗಿಕ ತೊಂದರೆಯಾಗುತ್ತದೆ, ನಾಚಿಕೆಯಿಂದ ಹೇಳದೆ ಸುಮ್ನೆ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹೇಳಿ, ಬೇರೆ ಮಾತ್ರೆಗಳಿವೆ. ಚೆನ್ನಾಗಿದ್ದೇನೆ ಅನ್ನಿಸಿದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕು.