ಅಂಗವಿಕಲರ ಬೆಂಬಲ ಗುಂಪಿಗೆ ತಜ್ಞರೇ ಬೇಕೇ?

ಪ್ರಶ್ನೆ: ನಮ್ಮ ಸುತ್ತಮುತ್ತಲಿನ ಅಂಗವಿಕಲರು ಸೇರಿ ಒಂದು ಬೆಂಬಲ ಗುಂಪು ಕಟ್ಟಬೇಕೆಂದಿದ್ದೇವೆ. ಅದನ್ನು ನಡೆಸಿಕೊಡಲು ವೈದ್ಯರಾಗಲಿ ಆಪ್ತಸಮಾಲೋಚಕರಾಗಲಿ ಸಿಗುತ್ತಿಲ್ಲ. ಏನು ಮಾಡುವುದು?

ಉತ್ತರ: ಈ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ತಜ್ಞರಿಗಾಗಿ ಕಾಯಬೇಡಿ. ಬರಲು ಮನಸ್ಸಿರುವ ನಾಲ್ಕೈದು ಜನ, ಎಲ್ಲರೂ ತಲುಪಬಲ್ಲ ಒಂದು ಕೋಣೆ, ಬದಲಾಗದ ದಿನ ಮತ್ತು ವೇಳೆ, ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದೆಂಬ ಒಪ್ಪಂದ, ಇಷ್ಟಿದ್ದರೆ ಗುಂಪು ಆರಂಭವಾದಂತೆಯೇ. ನೋಂದಣಿ, ಬ್ಯಾಂಕ್ ಖಾತೆಗಳ ಮಾತು ಹಣ ಸಂಗ್ರಹಿಸಲು ಹೊರಟಾಗ ಬರುತ್ತದೆ.

ತಜ್ಞರಿಲ್ಲದೆ ಅಂಗವಿಕಲರು ಒಟ್ಟಾಗಲಾರರು ಎಂಬ ನಂಬಿಕೆ ಸುಳ್ಳೆಂದು ತೋರಿ ಅರ್ಧ ಶತಮಾನ ಕಳೆದಿದೆ. ಅಂಗವಿಕಲರ ಆಶ್ರಯಧಾಮವೊಂದರಲ್ಲಿ ವರ್ಷಗಟ್ಟಲೆ ಇದ್ದು ಹೊರಬಂದಿದ್ದ ಪಾಲ್ ಹಂಟ್ 1972ರಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಗೆ ಒಂದು ಪತ್ರ ಬರೆದು, ಅಂಗವಿಕಲರ ಮಾತನ್ನು ಅಂಗವಿಕಲರೇ ಆಡುವ ಗುಂಪೊಂದಕ್ಕೆ ಜೊತೆಗಾರರನ್ನು ಕರೆದರು. ಆ ಪತ್ರದಿಂದ ಹುಟ್ಟಿದ ಒಕ್ಕೂಟದಲ್ಲಿ ಅಂಗವಿಕಲರಲ್ಲದವರಿಗೆ ಮತದ ಹಕ್ಕೇ ಇರಲಿಲ್ಲ. 1980ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಸೇರಿದ ಜಾಗತಿಕ ಪುನರ್ವಸತಿ ಸಮ್ಮೇಳನವು, ಪ್ರತಿನಿಧಿಗಳಲ್ಲಿ ಅರ್ಧದಷ್ಟು ಮಂದಿ ಅಂಗವಿಕಲರೇ ಇರಲಿ ಎಂಬ ಸಲಹೆಯನ್ನು ತಳ್ಳಿಹಾಕಿತು. ತಳ್ಳಿಸಿಕೊಂಡವರು ಮರುವರ್ಷವೇ ಸಿಂಗಪುರದಲ್ಲಿ ಸೇರಿ ತಮ್ಮದೇ ಅಂತರರಾಷ್ಟ್ರೀಯ ಸಂಘಟನೆಯನ್ನು ಕಟ್ಟಿಕೊಂಡರು. ಇಂಥ ಸಂಘಗಳನ್ನು ಕಟ್ಟುವುದಕ್ಕೂ ಸೇರುವುದಕ್ಕೂ ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 29ನೆಯ ವಿಧಿಯ ಬೆಂಬಲವಿದೆ.

ಗಾಲಿಕುರ್ಚಿಯಲ್ಲಿ ಕುಳಿತವರು ಒತ್ತಡದ ಹುಣ್ಣಾಗದಂತೆ ಆಗಾಗ ಮೈಭಾರ ಬದಲಿಸಬೇಕೆಂದು ವೈದ್ಯರು ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಆದರೆ ಕಚೇರಿಯ ಸಭೆಯ ನಡುವೆ ಯಾರ ಗಮನಕ್ಕೂ ಬಾರದಂತೆ, ಮೇಜಿನ ಮೇಲಿನ ಕಾಗದ ಎತ್ತಿಕೊಳ್ಳುವ ನೆಪದಲ್ಲಿ ಮುಂದಕ್ಕೆ ಬಾಗಿ ಅದನ್ನು ಮಾಡುವ ಬಗೆಯನ್ನು ಹತ್ತು ವರ್ಷ ಕುರ್ಚಿಯಲ್ಲಿ ಕಳೆದವರಿಂದಲೇ ಕಲಿಯಬೇಕು. ತಜ್ಞರು ಮುಂದೆ ಕುಳಿತ ಕೂಡಲೇ ಕೋಣೆ ಹೊರರೋಗಿ ವಿಭಾಗದಂತಾಗಿ, ಎಲ್ಲರೂ ಅವರತ್ತ ತಿರುಗಿ ತಮ್ಮ ಸರದಿ ಕಾಯುತ್ತಾರೆ. ಪಕ್ಕದವರ ಮಾತು ಯಾರಿಗೂ ಬೇಡವಾಗುತ್ತದೆ. ಔಷಧಿಯ ಪ್ರಮಾಣದ ಪ್ರಶ್ನೆ ಎದ್ದರೆ ಅಥವಾ ಯಾರಾದರೂ ಬದುಕೇ ಬೇಡವೆಂದರೆ ತಡಮಾಡದೆ ತಜ್ಞರ ಬಳಿ ಕಳುಹಿಸಿ. ಉಳಿದಂತೆ ಅವರು ಕರೆದಾಗ ಬಂದು ಹೋಗುವ ಅತಿಥಿಗಳಾಗಿರಲಿ.

ಇಷ್ಟೆಲ್ಲ ಕೇಳುವವರು ಕೋಣೆಯ ಬಗ್ಗೆ ಮಾತ್ರ ಕೇಳುವುದಿಲ್ಲ. ‘ಒಂದೇ ಮೆಟ್ಟಿಲು, ಎತ್ತಿ ಇಳಿಸುತ್ತೇವೆ’ ಎನ್ನುವವರಿದ್ದಾರೆ. ಹಾಗೆ ಎತ್ತಿಸಿಕೊಂಡು ಬಂದವರು ಎರಡನೆಯ ಸಭೆಗೆ ಬರುವುದು ಕಡಿಮೆ. 1:12ರ ಇಳಿಜಾರಿನಲ್ಲಿ, ಅಂದರೆ ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದದ ಲೆಕ್ಕದಲ್ಲಿ, 15 ಸೆಂಟಿಮೀಟರ್ ಎತ್ತರದ ಆ ಒಂದು ಮೆಟ್ಟಿಲಿಗೇ 180 ಸೆಂಟಿಮೀಟರ್ ಉದ್ದದ ಹಲಗೆ ಬೇಕು. ಶೌಚಾಲಯದ ಬಾಗಿಲನ್ನು ಟೇಪು ಹಿಡಿದು ನೀವೇ ಅಳೆಯಿರಿ, ಮಾಲೀಕರ ಮಾತನ್ನು ನಂಬಬೇಡಿ. ಗುಂಪಿನಲ್ಲಿ ತುಟಿ ನೋಡಿ ಅರ್ಥಮಾಡಿಕೊಳ್ಳುವವರಿದ್ದರೆ, ಮಾತನಾಡುವವರು ಕಿಟಕಿಗೆ ಬೆನ್ನು ಹಾಕಿ ಕುಳಿತಾಗ ಅವರ ಮುಖ ಕಪ್ಪು ನೆರಳಾಗಿಯಷ್ಟೇ ಕಾಣುತ್ತದೆ. ಇದಕ್ಕೆ ಹಣ ಬೇಕಿಲ್ಲ, ಜನ ಬರುವ ಮೊದಲೇ ಕುರ್ಚಿಗಳನ್ನು ತಿರುಗಿಸಿ ಇಡಿ.