ಒಂದೇ ನಂಬರಿನ ಮೂರು ಲಕ್ಷ್ಮಿಯರು

ಹಳ್ಳಿ ಶಾಲೆಗಳಿಗೆ ಪುಸ್ತಕ ಕೊಡುವ ಸಣ್ಣ ಟ್ರಸ್ಟೊಂದರ ದಾನಿಗಳ ಪಟ್ಟಿ ಸರಿ ಮಾಡಲು ಕೂತಿದ್ದೆ. ಎಕ್ಸೆಲ್ ಹಾಳೆಯಲ್ಲಿ ಲಕ್ಷ್ಮಿ ಎಂಬ ಹೆಸರು ಮೂರು ಸಾಲುಗಳಲ್ಲಿತ್ತು. ಇಂಗ್ಲಿಷಿನಲ್ಲಿ ಒಂದು ಕಡೆ ‘ಕೆ, ಎಸ್, ಎಚ್’ ಹಾಕಿ ಬರೆದಿದ್ದರು. ಇನ್ನೊಂದು ಕಡೆ ‘ಎಕ್ಸ್’. ಮತ್ತೊಂದರಲ್ಲಿ ಇನಿಶಿಯಲ್ ಬೇರೆ. ಫೋನ್ ನಂಬರ್ ಮಾತ್ರ ಮೂರಕ್ಕೂ ಒಂದೇ. ಒಬ್ಬರಿಗೇ ಮೂರು ರಸೀದಿ, ಮೂರು ಧನ್ಯವಾದ ಪತ್ರ ಹೋಗಿವೆ ಎಂದುಕೊಂಡೆ.

ದಾನಿ, ಅನುದಾನಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಹುಡುಕುವಾಗ ಸಂಸ್ಥೆಗಳು ಬೆಲೆ ಕೇಳುತ್ತವೆ. ನಾನಂತೂ ಮೊದಲು ಕೇಳುವುದು ಇದನ್ನೇ: ಎರಡು ಸಾಲು ಒಬ್ಬರದೇ ಎಂದು ಇದಕ್ಕೆ ಹೇಗೆ ಗೊತ್ತಾಗುತ್ತದೆ?

ಈ ಪ್ರಶ್ನೆಗೆ ನೂರು ವರ್ಷ ದಾಟಿದೆ. 1918ರಲ್ಲಿ ಅಮೆರಿಕದ ರಾಬರ್ಟ್ ರಸೆಲ್ ಪೇಟೆಂಟ್ ಪಡೆದ ಉಪಾಯವೇ ಮುಂದೆ ಸೌಂಡೆಕ್ಸ್ ಆಯಿತು. ಹೆಸರಿನ ಮೊದಲ ಅಕ್ಷರ ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಹತ್ತಿರದ ಸದ್ದಿನ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವುದು. ಲಕ್ಷ್ಮಿಯನ್ನು ಎರಡೂ ರೀತಿ ಬರೆದು ನೋಡಿ, ಬರುವುದು ಎಲ್250. ಚೆನ್ನಾಗಿದೆ ಅಲ್ವಾ? ಆದರೆ ಜ್ಞಾನೇಶ್ ಅವರನ್ನು ಒಬ್ಬರು ‘ಜೆ’ಯಿಂದ, ಇನ್ನೊಬ್ಬರು ‘ಜಿ’ಯಿಂದ ಬರೆದರೆ ಮೊದಲ ಅಕ್ಷರದಲ್ಲೇ ದಾರಿ ತಪ್ಪುತ್ತದೆ.

1969ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಇವಾನ್ ಫೆಲೆಗಿ ಮತ್ತು ಆಲನ್ ಸಂಟರ್ ಇದಕ್ಕೆ ಗಟ್ಟಿ ಗಣಿತ ಕೊಟ್ಟರು. ಹೆಸರು, ಊರು, ಫೋನ್ ಒಂದೊಂದಕ್ಕೂ ತೂಕ. ಹೊಂದಿದರೆ ಕೂಡು, ಹೊಂದದಿದ್ದರೆ ಕಳೆ. ಅಪರೂಪದ ಹೆಸರು ಹೊಂದಿದರೆ ತೂಕ ಜಾಸ್ತಿ. ನಮ್ಮಲ್ಲಿ ಇಬ್ಬರು ಮಂಜುನಾಥರು ಸಿಕ್ಕರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಮೊತ್ತ ತೀರಾ ಹೆಚ್ಚಾದರೆ ಒಬ್ಬರೇ, ತೀರಾ ಕಡಿಮೆಯಾದರೆ ಬೇರೆಯವರು. ನಡುವೆ ಉಳಿದವನ್ನು ಮನುಷ್ಯರು ನೋಡಬೇಕು. ನನಗೆ ತುಂಬಾ ಇಷ್ಟವಾದದ್ದು ಈ ನಡುವಿನ ಜಾಗ. ಕೇಳದೆ ತಾನೇ ಸಾಲುಗಳನ್ನು ಬೆರೆಸುವ ಸಾಫ್ಟ್‌ವೇರ್ ಬೇಡವೇ ಬೇಡ.

ಅನುದಾನದ ಕಷ್ಟ ಬೇರೆ. ಆ ಹಣಕ್ಕೆ ಒಂದು ಮಾತು ಅಂಟಿಕೊಂಡಿರುತ್ತದೆ: ಇಷ್ಟು ಪುಸ್ತಕಕ್ಕೆ, ಇಷ್ಟು ಸಂಬಳಕ್ಕೆ, ಈ ತಾರೀಖಿನೊಳಗೆ. ವಿದೇಶಿ ದೇಣಿಗೆಯಾದರೆ ಎಫ್‌ಸಿಆರ್‌ಎಗೆ, ಅಂದರೆ ವಿದೇಶಿ ದೇಣಿಗೆಯ ಕಾಯ್ದೆಗೆ, 2020ರಲ್ಲಿ ಬಂದ ತಿದ್ದುಪಡಿ ಆಡಳಿತ ಖರ್ಚಿನ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು. ಹಾಗಾಗಿ ದಾನಿ, ಕಂತು, ಉದ್ದೇಶ, ಖರ್ಚು ಬೇರೆ ಬೇರೆ ಕೋಷ್ಟಕಗಳಲ್ಲಿದ್ದು ಒಂದಕ್ಕೊಂದು ಕೊಂಡಿ ಹಾಕಿರಬೇಕು. ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಹೇಳಿದ ಕ್ರಮ ಇದೇ.

2021-22ರ ದೇಣಿಗೆಗಳಿಂದ, ದಾನಿಗಳ ವಿವರವನ್ನು ಮೇ 31ರೊಳಗೆ 10ಬಿಡಿ ನಮೂನೆಯಲ್ಲಿ ಆದಾಯ ತೆರಿಗೆ ಇಲಾಖೆಗೆ ಕೊಡುವ ನಿಯಮ ಶುರುವಾಯಿತು. ತಡವಾದರೆ ದಿನಕ್ಕೆ 200 ರೂಪಾಯಿ. ಅಲ್ಲಿ ಪ್ಯಾನ್‌ನಂಥ ಗುರುತು ಬೇಕು. ಸುಮ್ನೆ ಹೆಸರು ಸಾಲದು.

ಇಂಥ ಪಟ್ಟಿಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರುಗಳಲ್ಲಿ 2005ರಲ್ಲಿ ಶುರುವಾದ ಸಿವಿಸಿಆರ್‌ಎಂ ಮುಕ್ತ ತಂತ್ರಾಂಶ. ಪರವಾನಗಿಗೆ ದುಡ್ಡಿಲ್ಲ, ಆದರೆ ಸರ್ವರ್ ನೋಡಿಕೊಳ್ಳಲು ಜನ ಬೇಕು. ಯಾವುದೇ ಇರಲಿ, ಡೆಮೊಗೆ ಹೋಗುವಾಗ ನಿಮ್ಮ ಪಟ್ಟಿಯ ತೀರಾ ಗೊಂದಲದ ಐವತ್ತು ಸಾಲು ಒಯ್ಯಿರಿ. ಫೋನ್ ನಂಬರ್ ಬದಲಿಸಿಟ್ಟುಕೊಳ್ಳಿ, ದಾನಿಗಳ ಗುಟ್ಟು ಅದು. ತಂದೆಯ ಹೆಸರೋ ಊರಿನ ಹೆಸರೋ ಇನಿಶಿಯಲ್ ಆಗಿರುವವರಿಗೆ ‘ಸರ್‌ನೇಮ್’ ಕಡ್ಡಾಯ ಎನ್ನುತ್ತದೆಯೇ, ನೋಡಿ.

ಮೂರು ಲಕ್ಷ್ಮಿಯರನ್ನು ಬೆರೆಸುವ ಮುಂಚೆ ನಾನು ಆ ನಂಬರಿಗೆ ಫೋನ್ ಮಾಡಿದೆ. ಎರಡು ಸಾಲು ಅವರದೇ. ಮೂರನೆಯದು ಅವರ ಅತ್ತೆಯದು. ಅವರ ಹೆಸರೂ ಲಕ್ಷ್ಮಿಯೇ. ಪೆನ್ಷನ್ ಹಣದಲ್ಲಿ ಕೊಟ್ಟಿದ್ದರಂತೆ.